ನ್ಯೂರೋಸೈನ್ಸ್ ಓದಲು ಗೋಟಿಂಗನ್‌ಗೆ ಬರುವ ಬೀದರಿನ ತಂಗಿಗೆ

ತಂಗಿ, ನಿನ್ನ ಪ್ರಶ್ನೆ ಓದಿದೆ. ಬೀದರಿನವಳು, ಬಯೋಟೆಕ್ನಾಲಜಿ ಎಂಎಸ್ಸಿ ಆಗಿದೆ, ಜರ್ಮನಿಯ ಗೋಟಿಂಗನ್‌ನಲ್ಲಿ ನ್ಯೂರೋಸೈನ್ಸ್ ಸೀಟು ಸಿಕ್ಕಿದೆ. ಮೆದುಳಿನ ಬಗ್ಗೆ ಏನೂ ಓದಿಲ್ಲ ನಡೆಯುತ್ತಾ, ಇಲಿ ಕೊಲ್ಲಬೇಕಾ, ದುಡ್ಡು ಎಷ್ಟು ಬೇಕು, ಒಬ್ಬಳೇ ಇರೋಕೆ ಆಗುತ್ತಾ ಅಂತ ಕೇಳಿದ್ದೀಯ. ನಾನು ಕಲಬುರಗಿಯವಳು, ಗೋಟಿಂಗನ್‌ನಲ್ಲೇ ಓದಿ ಇಲ್ಲೇ ನೆಲೆ ನಿಂತವಳು.

ಓದಿಗೆ ಹೆದರಬೇಡ. ಈ ಕೋರ್ಸಿಗೆ ಡಾಕ್ಟರುಗಳು, ಫಿಸಿಕ್ಸ್‌ನವರು, ಸೈಕಾಲಜಿಯವರು ಎಲ್ಲರೂ ಬರುತ್ತಾರೆ, ಒಬ್ಬೊಬ್ಬರಿಗೆ ಒಂದೊಂದು ಗೊತ್ತಿರುವುದಿಲ್ಲ. ಗೊತ್ತಿಲ್ಲ ಅನ್ನೋದನ್ನು ಮುಚ್ಚಿಡದೆ ಮೊದಲ ವಾರದಿಂದಲೇ ಕೇಳು. ಮೊದಲ ವರ್ಷ ಪುರುಸೊತ್ತು ಇರುವುದಿಲ್ಲ: ಲೆಕ್ಚರ್, ಮೆಥಡ್ಸ್ ಕೋರ್ಸ್, ಜೊತೆಗೆ ಲ್ಯಾಬ್ ರೊಟೇಶನ್, ಅಂದರೆ ಬೇರೆ ಬೇರೆ ಲ್ಯಾಬ್‌ಗಳಲ್ಲಿ ಸ್ವಲ್ಪ ಸ್ವಲ್ಪ ಕಾಲ ಕೆಲಸ ಕಲಿಯುವುದು. ಆಮೇಲಿನ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದವರು ಮಾಸ್ಟರ್ಸ್ ಥೀಸಿಸ್ ಇಲ್ಲದೆ ನೇರ ಪಿಎಚ್‌ಡಿಗೆ ಹೋಗಬಹುದು. ಬರುವ ಮುಂಚೆ ಪೈಥಾನ್ ಪ್ರೋಗ್ರಾಮಿಂಗ್ ಕಲಿತುಕೋ, ಯಾವ ಲ್ಯಾಬ್‌ಗೆ ಹೋದರೂ ಬೇಕು.

ರೊಟೇಶನ್‌ಗೆ ಒಂದಾದರೂ ಪ್ಯಾಚ್ ಕ್ಲ್ಯಾಂಪ್ ಲ್ಯಾಬ್ ತಗೋ. ಜೀವಕೋಶದ ಪೊರೆಯಲ್ಲಿರುವ ಒಂದೇ ಒಂದು ಚಾನೆಲ್‌ನಲ್ಲಿ, ಅಂದರೆ ಅಯಾನುಗಳು ಸಾಗುವ ಪುಟ್ಟ ದ್ವಾರದಲ್ಲಿ, ಹರಿಯುವ ಕರೆಂಟ್ ಅಳೆಯುವ ಈ ವಿಧಾನ ಹುಟ್ಟಿದ್ದು ಇದೇ ಊರಲ್ಲಿ. ಎರ್ವಿನ್ ನೆಹೆರ್ ಮತ್ತು ಬರ್ಟ್ ಸಾಕ್‌ಮನ್ ಅವರಿಗೆ 1991ರ ನೊಬೆಲ್ ಇದೇ ದಾರಿಯಲ್ಲಿ ಬಂತು. ಇಲಿಯ ಮೆದುಳಿನಿಂದ 0.3 ಮಿಲಿಮೀಟರ್ ದಪ್ಪದ ಚೂರು ಕತ್ತರಿಸಿ, ಆಮ್ಲಜನಕ ಗುಳ್ಳೆಗುಳ್ಳೆಯಾಗಿ ಬಿಡುವ ಉಪ್ಪುನೀರಲ್ಲಿ ಜೀವಂತ ಇಟ್ಟಿರುತ್ತಾರೆ. ಮೈಕ್ರೋಸ್ಕೋಪ್ ಕೆಳಗೆ ಗಾಜಿನ ಸಣ್ಣ ಕೊಳವೆಯ ತುದಿಯನ್ನು ನರಕೋಶಕ್ಕೆ ತಾಗಿಸಿ, ಅದಕ್ಕೆ ಜೋಡಿಸಿದ ಟ್ಯೂಬಿನಲ್ಲಿ ಮೆಲ್ಲಗೆ ಉಸಿರು ಎಳೆಯಬೇಕು. ಸರಿ ಹಿಡಿದರೆ ಪರದೆ ಮೇಲೆ ಕೆಲವೇ ಮೆಗಾಓಮ್ ಇದ್ದ ರೆಸಿಸ್ಟೆನ್ಸ್ ಒಮ್ಮೆಲೇ ಗಿಗಾಓಮ್ (ಸಾವಿರ ಮೆಗಾಓಮ್) ದಾಟುತ್ತದೆ, ಅಂದರೆ ಕೊಳವೆ ಕೋಶಕ್ಕೆ ಬಿಗಿಯಾಗಿ ಅಂಟಿಕೊಂಡಿತು ಅಂತ. ಪಕ್ಕದವರು ನಡೆದಾಡಿದ ಅದುರಾಟಕ್ಕೂ ಆ ಹಿಡಿತ ತಪ್ಪಬಹುದು, ಅದಕ್ಕೇ ಟೇಬಲ್ಲನ್ನು ಗಾಳಿಯ ಮೇಲೆ ತೇಲಿಸಿರುತ್ತಾರೆ. ಪುಸ್ತಕ ಎಷ್ಟು ಓದಿದರೂ ಕೈಗೆ ಈ ಹದ ಬರುವುದು ಅಲ್ಲಿ ಕೂತಾಗಲೇ.

ಇನ್ನು ಇಲಿ. ಹೌದು, ಮೇಲೆ ಹೇಳಿದ ಕೆಲಸಕ್ಕೆ ಇಲಿಯನ್ನು ಕೊಲ್ಲಲೇಬೇಕು. ನಿಮ್ಮದು ಲಿಂಗಾಯತ ಮನೆ, ಅಮ್ಮ ನೊಂದುಕೊಳ್ಳುತ್ತಾರೆ ಅಂತ ಬರೆದಿದ್ದೀಯ, ಅದು ಹಗುರವಾದ ಮಾತಲ್ಲ. ಇಲ್ಲಿ ತರಬೇತಿ ಮತ್ತು ಸರ್ಕಾರದ ಅನುಮತಿ ಇಲ್ಲದೆ ಯಾರೂ ಪ್ರಾಣಿ ಪ್ರಯೋಗ ಮಾಡುವಂತಿಲ್ಲ. ಮೊದಲು ಪಕ್ಕದಲ್ಲಿ ನಿಂತು ನೋಡು. ಮನಸ್ಸು ಒಪ್ಪದಿದ್ದರೆ ಮನುಷ್ಯರ ಇಇಜಿ (ತಲೆಯ ಮೇಲಿಂದ ಮೆದುಳಿನ ವಿದ್ಯುತ್ ಅಳೆಯುವುದು), ಎಂಆರ್‌ಐ, ಇಲ್ಲವೇ ಬರೀ ಗಣಿತ ಮತ್ತು ಕಂಪ್ಯೂಟರ್‌ನ ಲ್ಯಾಬ್‌ಗಳಿವೆ, ಅಲ್ಲಿ ಮಾಡಿದ ಪಿಎಚ್‌ಡಿ ಏನೂ ಕಮ್ಮಿ ಅಲ್ಲ. ಆದರೆ ಪಿಎಚ್‌ಡಿ ಲ್ಯಾಬಿಗೆ ಸೇರುವ ಮುಂಚೆಯೇ ಇದನ್ನು ತೀರ್ಮಾನಿಸು. ನಾಲ್ಕು ವರ್ಷ ದಿನಾ ಮಾಡುವ ಕೆಲಸ, ಅಲ್ವಾ?

ದುಡ್ಡು: ಫೀಸು ಇಲ್ಲ, ಸೆಮಿಸ್ಟರ್‌ಗೆ ಒಂದಿಷ್ಟು ಕಟ್ಟಬೇಕು ಅಷ್ಟೇ. ಸ್ಕಾಲರ್‌ಶಿಪ್ ಇಲ್ಲದಿದ್ದರೆ ವೀಸಾಗೆ ವರ್ಷಕ್ಕೆ 11,904 ಯೂರೋ ಬ್ಲಾಕ್ಡ್ ಅಕೌಂಟಲ್ಲಿ ತೋರಿಸಬೇಕು, ಅದು ಒಟ್ಟಿಗೆ ತೆಗೆಯಲಾಗದ ಖಾತೆ, ತಿಂಗಳಿಗೆ 992 ಬಿಡುತ್ತಾರೆ. ಅಪ್ಲೈ ಮಾಡುವ ದಿನ ಎಷ್ಟು ಕೇಳುತ್ತಾರೆ ಅಂತ ನೋಡಿಕೋ. ಎಪಿಎಸ್ ಸರ್ಟಿಫಿಕೇಟ್ (ನಮ್ಮ ಡಿಗ್ರಿ ಅಸಲಿ ಅಂತ ಜರ್ಮನಿಯವರು ಪರಿಶೀಲಿಸಿ ಕೊಡುವ ಪತ್ರ) ಬಂದಿಲ್ಲದಿದ್ದರೆ ಮೊದಲು ಅದರ ಬೆನ್ನು ಹತ್ತು.

ಒಂಟಿತನ ಇರುತ್ತದೆ, ಸುಮ್ನೆ ಇಲ್ಲ ಅನ್ನಲಾರೆ. ಡಿಸೆಂಬರಲ್ಲಿ ನಾಲ್ಕೂವರೆಗೆಲ್ಲ ಕತ್ತಲು. ಆಗ ಊರಿಗೂ ನಮಗೂ ನಾಲ್ಕೂವರೆ ಗಂಟೆ ಅಂತರ, ಲ್ಯಾಬ್ ಮುಗಿಯುವಷ್ಟರಲ್ಲಿ ಅಮ್ಮ ಮಲಗಿರುತ್ತಾರೆ. ಮಧ್ಯಾಹ್ನ ಊಟದ ಹೊತ್ತಿಗೇ ಫೋನ್ ಮಾಡುವ ರೂಢಿ ಇಟ್ಟುಕೋ. ಜೋಳದ ಹಿಟ್ಟು, ಶೇಂಗಾ ಹಿಂಡಿ ಜಾಸ್ತಿನೇ ಕಟ್ಟಿಕೊಂಡು ಬಾ. ತುಪ್ಪ, ಪೇಡೆ ಬೇಡ, ಹಾಲಿನ ಪದಾರ್ಥ ಏರ್‌ಪೋರ್ಟಲ್ಲಿ ಕಿತ್ತುಕೊಳ್ಳುತ್ತಾರೆ. ಸ್ಟೂಡೆಂಟ್ ಹಾಸ್ಟೆಲ್ ರೂಮಿಗೆ ಇವತ್ತೇ ಅರ್ಜಿ ಹಾಕು, ಅಕ್ಟೋಬರ್ ಹತ್ತಿರ ಬಂದಂತೆ ರೂಮು ಸಿಗುವುದು ಕಷ್ಟ.