ಭೂತಕ್ಕೂ ಅರ್ಧಾಯುಷ್ಯವಿರಲಿ

ಪ್ರಶ್ನೆ: ಅಣುಯುದ್ಧ ಮುಗಿದು ಐನೂರು ವರ್ಷಗಳಾದ ಮೇಲಿನ ಕಾದಂಬರಿಯೊಂದನ್ನು ಬರೆಯುತ್ತಿದ್ದೇನೆ. ಅಳಿದುಳಿದ ಜನ ಒಂದು ಬೆಟ್ಟದ ಬುಡದಲ್ಲಿದ್ದಾರೆ. ಮೇಲಿನ ಗುಹೆಯಲ್ಲಿ ನರಬಲಿ ಬೇಡುವ ಭೂತವಿದೆ. ಮೊದಲ ಮೂರು ಅಧ್ಯಾಯಗಳನ್ನು ಓದಿದ ಗೆಳೆಯ, ‘ಒಂದೋ ಅಣುಬಾಂಬು ಇರಲಿ, ಇಲ್ಲವೇ ಮಾಟಮಂತ್ರ ಇರಲಿ, ಎರಡೂ ಒಂದೇ ಪಾತ್ರೆಯಲ್ಲಿ ಬೇಯುವುದಿಲ್ಲ’ ಎಂದ. ನಿಜವೇ? (ಅಧ್ಯಾಯಗಳನ್ನು ಲಗತ್ತಿಸಿದ್ದೇನೆ.)
– ಓದುಗ, ಸಾಗರ

ಉತ್ತರ: ನಿಮ್ಮ ಗೆಳೆಯನಿಗೆ ಅಡುಗೆ ಬರುವುದಿಲ್ಲ. ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿದವನು ನಾನು. ದೆವ್ವದ ಕಥೆ ಸಿಕ್ಕರೆ ಊಟ ಬಿಟ್ಟು ಓದುವವನೂ ಹೌದು. ಇವೆರಡರ ನಡುವೆ ಜಗಳವಾದದ್ದನ್ನು ನಾನಂತೂ ಕಂಡಿಲ್ಲ.

1987ರ ಸೆಪ್ಟೆಂಬರ್, ಬ್ರೆಜಿಲ್ ದೇಶದ ಗೋಯಾನಿಯಾ ನಗರ. ಪಾಳುಬಿದ್ದ ಚಿಕಿತ್ಸಾಲಯದಲ್ಲಿ ಉಳಿದುಹೋಗಿದ್ದ ಕ್ಯಾನ್ಸರ್ ಯಂತ್ರದ ಭಾಗವೊಂದನ್ನು ಇಬ್ಬರು ಕಳಚಿ ತಂದು ಗುಜರಿ ವ್ಯಾಪಾರಿಗೆ ಮಾರಿದರು. ರಾತ್ರಿ ಅದರೊಳಗಿಂದ ನೀಲಿ ಬೆಳಕು ಕಾಣಿಸಿತು. ಅಮೂಲ್ಯ ವಸ್ತುವೋ, ದೈವದ ಮಹಿಮೆಯೋ ಎಂದು ಬೆರಗಾದ ವ್ಯಾಪಾರಿ ಅದನ್ನು ಮನೆಯೊಳಗಿಟ್ಟು ನೆಂಟರಿಷ್ಟರನ್ನು ಕರೆದು ತೋರಿಸಿದ. ಅಕ್ಕಿಕಾಳಿನಷ್ಟು ಚೂರುಗಳನ್ನು ಹಂಚಿದ. ಕೆಲವರು ಹೊಳೆಯುವ ಪುಡಿಯನ್ನು ಮೈಗೆ ಸವರಿಕೊಂಡರು. ಸುತ್ತಲಿನವರೆಲ್ಲ ಒಬ್ಬೊಬ್ಬರಾಗಿ ಹಾಸಿಗೆ ಹಿಡಿದಾಗ ಅನುಮಾನಪಟ್ಟವರು ಅವನ ಹೆಂಡತಿ. ಉಳಿದದ್ದನ್ನು ಚೀಲಕ್ಕೆ ತುಂಬಿಸಿ, ಬಸ್ಸು ಹತ್ತಿ ಆರೋಗ್ಯ ಕಚೇರಿಗೆ ಒಯ್ದರು. ಅಕ್ಟೋಬರ್ ಮುಗಿಯುವುದರೊಳಗೆ ಸತ್ತ ನಾಲ್ವರಲ್ಲಿ ಆಕೆಯೂ ಒಬ್ಬರು. ಆ ಪುಡಿ ವಿಕಿರಣ ಸೂಸುವ ಸೀಸಿಯಂ-137. ಈ ಹೆಸರೊಂದನ್ನು ಅಳಿಸಿ ಮತ್ತೊಮ್ಮೆ ಓದಿ ನೋಡಿ, ಯಕ್ಷಿಣಿಯ ಕಥೆಯಾಗಲು ಇನ್ನೇನು ಕಡಿಮೆಯಿದೆ?

ಭೂತವನ್ನು ಬೇಕೆಂದೇ ಸೃಷ್ಟಿಸಲು ಹೊರಟವರೂ ಇದ್ದಾರೆ. ಅಣುತ್ಯಾಜ್ಯ ಹೂತ ಜಾಗದ ಬಗ್ಗೆ ಹತ್ತು ಸಾವಿರ ವರ್ಷ ಎಚ್ಚರಿಕೆ ಉಳಿಯಬೇಕು, ಹೇಗೆ ಎಂಬುದು ಅಮೆರಿಕದವರ ಚಿಂತೆಯಾಗಿತ್ತು. (ನಮ್ಮ ಹಲ್ಮಿಡಿ ಶಾಸನಕ್ಕೆ ಸುಮಾರು ಒಂದೂವರೆ ಸಾವಿರ ವರ್ಷ. ಪಂಡಿತರ ನೆರವಿಲ್ಲದೆ ಅದನ್ನು ಓದಬಲ್ಲಿರಾ?) ಸಂಕೇತವಿಜ್ಞಾನಿ ಥಾಮಸ್ ಸೆಬಿಯೋಕ್ 1984ರ ವರದಿಯಲ್ಲಿ ಸೂಚಿಸಿದ್ದು ಒಂದು ಬಗೆಯ ‘ಅಣು ಪುರೋಹಿತವರ್ಗ’. ನಿಜ ಸಂಗತಿ ಆ ಕೆಲವರಿಗೆ ಗೊತ್ತಿರುತ್ತದೆ. ಉಳಿದವರನ್ನು ಆಚರಣೆ, ಐತಿಹ್ಯ, ಮೂಢಭಯಗಳೇ ದೂರ ಇಡುತ್ತವೆ. ಕುಂದಾಪುರದ ಕಡೆಯವನಾದ ನನಗೆ ಇದನ್ನು ಓದಿದಾಗ ನಗು ಬಂತು. ನಾಗಬನದ ಮರಕ್ಕೆ ಕತ್ತಿ ತಾಗಿಸಬಾರದು ಎಂದು ಅಜ್ಜಿ ಹೇಳುತ್ತಿದ್ದರು. ಯಾಕೆ ಎಂದು ಕೇಳಿದರೆ, ‘ಬೇಡವೆಂದರೆ ಬೇಡ’ ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. ಬನ ಮಾತ್ರ ಉಳಿದಿತ್ತು.

ಇನ್ನು ನಿಮ್ಮ ಹಸ್ತಪ್ರತಿ. ಎರಡನೆಯ ಅಧ್ಯಾಯದಲ್ಲಿ ಹುಡುಗಿ ಗುಹೆಯ ಬಾಯಿಯಲ್ಲಿ ನಿಂತು ತನ್ನ ಉಸಿರನ್ನು ತಾನೇ ಕೇಳಿಸಿಕೊಳ್ಳುವ ಭಾಗ ಚೆನ್ನಾಗಿದೆ. ಮೂರನೆಯದರಲ್ಲಿ ತಾಯಿತ ತಾನಾಗಿ ಮಿಂಚುವುದನ್ನು ಹೊಡೆದುಹಾಕಿ. ತೊಂದರೆ ಇರುವುದು ಭೂತದಲ್ಲಿ. ಅದು ಒಮ್ಮೆ ಮುಟ್ಟಿ ಕೊಲ್ಲುತ್ತದೆ, ಒಮ್ಮೆ ಶಾಪ ಕೊಡುತ್ತದೆ, ಒಮ್ಮೆ ಸುಮ್ಮನಿರುತ್ತದೆ. ಲೇಖಕರ ಅನುಕೂಲ ಬಿಟ್ಟರೆ ಅದಕ್ಕೆ ಬೇರೆ ನಿಯಮವಿಲ್ಲ.

ಪೆನ್ನು ಹಿಡಿದು ಲೆಕ್ಕ ಮಾಡಿ. ಸೀಸಿಯಂ-137ರ ಅರ್ಧಾಯುಷ್ಯ ಸುಮಾರು 30 ವರ್ಷ, ಅಂದರೆ ಪ್ರತಿ ಮೂವತ್ತು ವರ್ಷಕ್ಕೆ ಅದು ಅರ್ಧವಾಗುತ್ತದೆ. ನಿಮ್ಮ ಐನೂರು ವರ್ಷಗಳಲ್ಲಿ ಅದು ಲಕ್ಷದಲ್ಲೊಂದು ಪಾಲಿನಷ್ಟಕ್ಕೆ ಇಳಿದಿರುತ್ತದೆ. ಅಣುಬಾಂಬಿಗೆ ಬಳಸುವ ಪ್ಲುಟೋನಿಯಂ-239ರದು 24,100 ವರ್ಷ. ಐನೂರು ವರ್ಷ ಅದಕ್ಕೊಂದು ಆಕಳಿಕೆ. ಅದು ಹೊರಸೂಸುವ ಆಲ್ಫಾ ಕಣಗಳಿಗೆ ನಮ್ಮ ಚರ್ಮದ ಹೊರಪದರವನ್ನು ದಾಟುವ ಬಲವೂ ಇಲ್ಲ. ಆದರೆ ಧೂಳಾಗಿ ಉಸಿರಿನೊಡನೆ ಒಳಹೊಕ್ಕರೆ ಶ್ವಾಸಕೋಶದಲ್ಲಿ ಬೀಡುಬಿಟ್ಟು ವರ್ಷಗಟ್ಟಲೆ ಕೊರೆಯುತ್ತದೆ.

ಹಾಗಾಗಿ ನಿಮ್ಮ ಮುಂದೆ ಎರಡು ಭೂತಗಳಿವೆ. ಎರಡನೆಯದನ್ನು ಆರಿಸಿಕೊಂಡರೆ ಅದಕ್ಕೆ ಹಲ್ಲು, ಉಗುರು ಬೇಡ. ಅದರೆದುರು ಉಸಿರು ಬಿಗಿಹಿಡಿಯುವುದೇ ಪೂಜಾವಿಧಿ. ಹುಡುಗಿಯ ಉಸಿರಿನ ಸದ್ದು ಆಗ ತಾನಾಗಿ ಅರ್ಥ ಪಡೆಯುತ್ತದೆ. ನನಗೆ ಇಷ್ಟವಾದದ್ದು ಮಾತ್ರ ಮೊದಲನೆಯದು. ಗುಹೆಯ ಭೂತ ಸವೆದು ಸವೆದು ಎಂದೋ ಸತ್ತಿದೆ. ಅದು ಗೊತ್ತಿರುವುದು ಪೂಜಾರಿಯೊಬ್ಬನಿಗೆ. ಬಲಿಯನ್ನು ಅವನು ಪ್ರತಿ ವರ್ಷವೂ ಕೇಳುತ್ತಿದ್ದಾನೆ. ಹಾಗಾದರೆ ಒಳಗೆ ಹೋದವರನ್ನು ಕೊಲ್ಲುತ್ತಿರುವವರು ಯಾರು? ನಾಲ್ಕನೆಯ ಅಧ್ಯಾಯವನ್ನು ಅಲ್ಲಿಂದ ಶುರು ಮಾಡಿ, ನನಗೂ ಒಂದು ಪ್ರತಿ ಕಳುಹಿಸಿ.

ಪ್ರಶ್ನೆ: ಲೋಕ ಮುಗಿದ ಮೇಲಿನ ಕಥೆಗಳೆಲ್ಲ ಪರದೇಶದ ಸರಕಲ್ಲವೇ?
– ಓದುಗರು, ಧಾರವಾಡ

ಉತ್ತರ: ಮಹಾಭಾರತವನ್ನು ಯುದ್ಧಕ್ಕೇ ಮುಚ್ಚಿಡುವವರು ಕೇಳುವ ಪ್ರಶ್ನೆ ಇದು. ಮೌಸಲ ಪರ್ವದವರೆಗೆ ಹೋಗಿ. ಶಾಪದಿಂದ ಹುಟ್ಟಿದ ಕಬ್ಬಿಣದ ಒನಕೆಯನ್ನು ಯಾದವರು ಪುಡಿಮಾಡಿ ಸಮುದ್ರಕ್ಕೆ ಸುರಿಯುತ್ತಾರೆ, ಪೀಡೆ ತೊಲಗಿತು ಎಂದುಕೊಳ್ಳುತ್ತಾರೆ. ಪುಡಿ ದಡಕ್ಕೆ ಮರಳಿ ಹುಲ್ಲಾಗಿ ಬೆಳೆಯಿತು ಎನ್ನುತ್ತವೆ ಪುರಾಣಗಳು. ಅದೇ ಹುಲ್ಲು ಕೈಯಲ್ಲಿ ಒನಕೆಯಾಗಿ ಕುಲವೆಲ್ಲ ಹೊಡೆದಾಡಿ ಸಾಯುತ್ತದೆ. ದ್ವಾರಕೆ ಮುಳುಗುತ್ತದೆ. ಉಳಿದವರನ್ನು ಕರೆದುಕೊಂಡು ಹೊರಟ ಅರ್ಜುನನನ್ನು ದಾರಿಯಲ್ಲಿ ದರೋಡೆಕೋರರು ಮುತ್ತುತ್ತಾರೆ. ಗಾಂಡೀವಕ್ಕೆ ಹೆದೆ ಏರಿಸಲು ಅವನು ಹೆಣಗುತ್ತಾನೆ. ಅಸ್ತ್ರಗಳನ್ನು ಕರೆಯಲು ನೋಡುತ್ತಾನೆ. ಒಂದೂ ನೆನಪಿಗೆ ಬರುವುದಿಲ್ಲ.