ಪ್ರತಿ: ಲೇಹ್‌ಗೆ ಹೋದ ತಮ್ಮನನ್ನು ಆರು ದಿನ ಸುಮ್ನೆ ಕೂರಿಸಿದ್ದಾರೆ, ಯಾಕೆ?

ಬೇಜಾರು ಮಾಡಿಕೊಳ್ಳಬೇಡಿ, ಸೇನೆಯಲ್ಲಿರುವ ನಿಮ್ಮ ತಮ್ಮನಿಗೆ ಇದು ಶಿಕ್ಷೆ ಅಲ್ಲ. ಲೇಹ್ ಇರುವುದು ಸುಮಾರು 11,500 ಅಡಿ ಎತ್ತರದಲ್ಲಿ. ವಿಮಾನದಲ್ಲಿ ಹೋದವರ ಮೈ ಅಲ್ಲಿನ ತೆಳು ಗಾಳಿಗೆ ಒಗ್ಗಬೇಕಲ್ವಾ?

ಅದಕ್ಕೇ ಸೇನೆಯಲ್ಲಿ 12,000 ಅಡಿವರೆಗೆ ಆರು ದಿನ ಅಂತ ಲೆಕ್ಕ. ಮೊದಲೆರಡು ದಿನ ಪೂರ್ತಿ ವಿಶ್ರಾಂತಿ, ಆಮೇಲೆ ನಿಧಾನವಾಗಿ ನಡಿಗೆ. 15,000 ಅಡಿಗೆ ಹೋಗಲು ಮತ್ತೆ ನಾಲ್ಕು ದಿನ, ಅದಕ್ಕೂ ಮೇಲೆ ಇನ್ನೂ ನಾಲ್ಕು. ಆತುರಪಟ್ಟರೆ ಶ್ವಾಸಕೋಶದಲ್ಲಿ ನೀರು ತುಂಬಿ ಜೀವಕ್ಕೇ ಕುತ್ತು.

ಗಟ್ಟಿಮುಟ್ಟಾದ ಹುಡುಗರದ್ದೇ ನನಗೆ ಜಾಸ್ತಿ ಚಿಂತೆ. ತಲೆನೋವು ಬಂದರೂ ಬಾಯಿ ಬಿಡುವುದಿಲ್ಲ! ಫೋನ್ ಮಾಡಿದಾಗ ಕೇಳಿ: ಕೆಮ್ಮು ಇದೆಯಾ, ಸುಮ್ನೆ ಕೂತರೂ ಏದುಸಿರು ಬರುತ್ತಾ? ಇದ್ದರೆ ತಕ್ಷಣ ಡಾಕ್ಟರಿಗೆ ಹೇಳಲಿ.

ಅಂದಹಾಗೆ, ಎರಡು ತಿಂಗಳ ರಜೆ ಮುಗಿಸಿ ವಾಪಸ್ ಹೋದರೆ ಮತ್ತೆ ಮೊದಲಿಂದ ಇದೇ ಕಥೆ.