ಅಜ್ಜಿಯ 98 ಮಾರ್ಕು, ಸರೋಜಕ್ಕನ ಮೈನಸ್ ಲೆಕ್ಕ

ನನ್ನ ಹತ್ತಿರ ಆಪ್ತಸಲಹೆಗೆ ಬರುವವರಲ್ಲಿ ಒಂದು ಬಗೆಯವರು ಈಗ ಜಾಸ್ತಿಯಾಗುತ್ತಿದ್ದಾರೆ. ಇವರಿಗೆ ಸ್ಫೂರ್ತಿ ಕೊಡುವವರಿಗೆ ಕೊರತೆ ಇಲ್ಲ. ಫೋನ್ ತುಂಬ ಅದೇ ಉಂಟು. ಬಡತನದಲ್ಲಿ ಓದಿ ಕಲೆಕ್ಟರ್ ಆದವರು, ಕೈಯಿಲ್ಲದೆ ಚಿತ್ರ ಬರೆಯುವವರು, ಮುಪ್ಪಿನಲ್ಲಿ ಪದವಿ ಪಡೆದವರು. ಎಲ್ಲವನ್ನೂ ನೋಡುತ್ತಾರೆ. ನೋಡಿ ಆದಮೇಲೆ ತಮ್ಮ ಪುಸ್ತಕ ಮುಚ್ಚಿಡುತ್ತಾರೆ. ಪಿಎಸ್‌ಸಿ ಪರೀಕ್ಷೆಗೆ ತಯಾರಾಗುವ ಹುಡುಗರಲ್ಲಿ ಇದನ್ನು ಕಂಡಿದ್ದೇನೆ. ಮಕ್ಕಳು ದೊಡ್ಡವರಾದ ಮೇಲೆ ಏನಾದರೂ ಕಲಿಯಬೇಕು ಅಂತ ಹೊರಟ ಅಮ್ಮಂದಿರಲ್ಲೂ ಕಂಡಿದ್ದೇನೆ. ಅಂಥ ಒಬ್ಬರ ವಿಷಯ ಇಲ್ಲಿ ಬರೆಯುತ್ತಿದ್ದೇನೆ. ಅವರು ಒಪ್ಪಿದ್ದಾರೆ. ಹೆಸರು ಮತ್ತು ಮನೆಯ ವಿವರ ಬದಲಿಸಿದ್ದೇನೆ.

ಸರೋಜಕ್ಕ ಅನ್ನೋಣ. ನಲ್ವತ್ತು ದಾಟಿದವರು. ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದಿಂದ ಒಳಗೆ ಒಂದು ಹಳ್ಳಿ. ಮನೆಮಾತು ತುಳು, ಓದಿದ್ದು ಕನ್ನಡ ಶಾಲೆಯಲ್ಲಿ, ಎಂಟನೆಯವರೆಗೆ. ಅಯಲ್ಕೂಟದಲ್ಲಿ, ಅಂದರೆ ನೆರೆಹೊರೆಯ ಹೆಂಗಸರ ಸ್ವಸಹಾಯ ಗುಂಪಿನಲ್ಲಿ, ಲೆಕ್ಕದ ಪುಸ್ತಕ ಬರೆಯುವ ಕೆಲಸ ಸಿಗಲಿ ಅಂತ ಅವರಿಗೆ ಆಸೆ. ‘ನಿನಗೆ ಲೆಕ್ಕ ಬರುವುದಿಲ್ಲವಲ್ಲ’ ಅಂತ ಯಾರೋ ಅಂದರಂತೆ. ಅದಕ್ಕೆ ಸಾಕ್ಷರತಾ ಮಿಷನ್‌ನ ಹತ್ತನೆಯ ತುಲ್ಯತಾ ತರಗತಿಗೆ ಸೇರಿದರು. ಶಾಲೆ ಬಿಟ್ಟ ದೊಡ್ಡವರು ಹತ್ತನೆಯ ತರಗತಿಗೆ ಸಮನಾದ ಪರೀಕ್ಷೆ ಬರೆಯಲು ಇರುವ ತರಗತಿ ಅದು. ಆದಿತ್ಯವಾರದ ಕ್ಲಾಸು. ಕನ್ನಡ, ಸಮಾಜ ಎಲ್ಲ ಸಲೀಸಾಗಿ ಹೋಯಿತು. ಗಣಿತದಲ್ಲಿ ನಿಂತಿತು. ಶನಿವಾರ ರಾತ್ರಿ ತಲೆನೋವು ಶುರುವಾಯಿತು. ಕ್ಲಾಸು ತಪ್ಪಲು ಶುರುವಾಯಿತು. ಅಲ್ಲಿನ ಟೀಚರೇ ನನ್ನ ಹತ್ತಿರ ಕಳಿಸಿದರು.

ನಾನು ಮೊದಲು ಕೇಳುವುದು ನಿದ್ದೆ, ಊಟ, ಬದುಕು ಬೇಡ ಅನ್ನುವ ಯೋಚನೆ ಬರುತ್ತದಾ ಅನ್ನುವುದು. ಅದನ್ನು ಕೇಳದೆ ಓದಿನ ಮಾತು ಎತ್ತಬಾರದು. ಎರಡು ವಾರಕ್ಕಿಂತ ಹೆಚ್ಚು ದಿನ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಹಸಿವು ಎರಡೂ ಕೆಟ್ಟಿವೆ ಅಂದರೆ ಅದಕ್ಕೆ ಡಾಕ್ಟರು ಬೇಕು. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ದುಡ್ಡಿಲ್ಲದೆ ಮಾತಾಡುತ್ತಾರೆ. ಸರೋಜಕ್ಕನದು ಹಾಗಿರಲಿಲ್ಲ. ಉಳಿದ ದಿನಗಳಲ್ಲಿ ನಗುನಗುತ್ತಾ ಕೆಲಸ ಮಾಡುತ್ತಿದ್ದರು.

ತಲೆನೋವು ಯಾವಾಗ ಜಾಸ್ತಿ ಅಂತ ಕೇಳಿದೆ.

‘ಮಗಳು ವೀಡಿಯೊ ಕಳಿಸಿದ ಮೇಲೆ’ ಅಂದರು.

ಮಗಳು ಮಂಗಳೂರಿನಲ್ಲಿ ಕಾಲೇಜು ಓದುವವಳು. ಅಮ್ಮ ಪರೀಕ್ಷೆ ಬರೆಯುತ್ತಾರೆ ಅಂತ ಅವಳಿಗೆ ತುಂಬಾ ಖುಷಿ. ದಿನಾ ರಾತ್ರಿ ಒಂದು ವೀಡಿಯೊ ಕಳಿಸುತ್ತಾಳೆ. ಸರೋಜಕ್ಕ ಫೋನ್ ತೆಗೆದು ನನಗೆ ತೋರಿಸಿದರು. ಅದರಲ್ಲಿ ಇದ್ದದ್ದು ಆಲಪ್ಪುಳದ ಕಾರ್ತ್ಯಾಯನಿ ಅಮ್ಮ. ಕೇರಳದಲ್ಲಿ ಅವರ ಹೆಸರು ಕೇಳದವರು ಕಡಿಮೆ. 2018ರಲ್ಲಿ, ತಮ್ಮ 96ನೆಯ ವಯಸ್ಸಿನಲ್ಲಿ, ಸಾಕ್ಷರತಾ ಪರೀಕ್ಷೆ ಬರೆದು ನೂರಕ್ಕೆ 98 ತೆಗೆದವರು. ಮುಂದೆ ನಾರೀ ಶಕ್ತಿ ಪುರಸ್ಕಾರವೂ ಬಂತು.

ಸರೋಜಕ್ಕ ಫೋನ್ ಮಡಿಲಲ್ಲಿ ಮಗುಚಿ ಇಟ್ಟರು. ‘ನೋಡಿ ಮೇಡಂ, ಆ ಅಜ್ಜಿಗೆ 96ಕ್ಕೆ 98 ಮಾರ್ಕು. ನನಗೆ ಈ ವಯಸ್ಸಿಗೇ ಮೈನಸ್ ಲೆಕ್ಕ ತಲೆಗೆ ಹೋಗುವುದಿಲ್ಲ. ಅಜ್ಜಿಯ ಮುಖ ಕಂಡರೆ ನನಗೆ ನಾಚಿಕೆ ಆಗ್ತದೆ. ಮೊದಲು ವಯಸ್ಸಾಯ್ತು ಅಂತ ಹೇಳಿಕೊಂಡು ಸಮಾಧಾನ ಮಾಡ್ತಿದ್ದೆ. ಈಗ ಅದನ್ನೂ ಹೇಳುವ ಹಾಗಿಲ್ಲ.’

ಈ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಪ್ರೀತಿಯಿಂದ ಕಳಿಸಿದ ಒಂದು ಒಳ್ಳೆಯ ಕಥೆ ಇವರ ಕೈಯಲ್ಲಿದ್ದ ಕೊನೆಯ ಆಸರೆಯನ್ನೂ ಕಿತ್ತುಕೊಂಡಿತ್ತು. ಅಜ್ಜಿಯ ತಪ್ಪಲ್ಲ, ಮಗಳ ತಪ್ಪೂ ಅಲ್ಲ. ಆದರೆ ಇವರಿಗೆ ಆ ಕಥೆಯ ತುದಿ ಮಾತ್ರ ತಲುಪಿತ್ತು.

ಆ ವೀಡಿಯೊದಲ್ಲಿ ಇಲ್ಲದ ಒಂದು ವಿಷಯ ನನಗೆ ಗೊತ್ತಿತ್ತು. ಕಾರ್ತ್ಯಾಯನಿ ಅಮ್ಮನಿಗೆ ಓದುವ ಮನಸ್ಸು ಬಂದದ್ದು ಯಾವುದೋ ದೂರದ ಮಹಾನುಭಾವರನ್ನು ನೋಡಿ ಅಲ್ಲ. ಅವರ ಮಗಳೇ ದೊಡ್ಡ ವಯಸ್ಸಿನಲ್ಲಿ ಸಾಕ್ಷರತಾ ಮಿಷನ್‌ನ ಪರೀಕ್ಷೆ ಪಾಸು ಮಾಡಿದ್ದರು. ಅದನ್ನು ಮನೆಯೊಳಗೇ ಕಂಡು ಅಮ್ಮನಿಗೂ ಆಸೆ ಹುಟ್ಟಿತು. ಇದನ್ನು ಸರೋಜಕ್ಕನಿಗೆ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಕೇಳಿದೆ, ‘ನಿಮ್ಮ ಕಣ್ಣೆದುರು ಈಗ ಏನಾದರೂ ಕಲಿಯುತ್ತಿರುವವರು ಯಾರಿದ್ದಾರೆ?’

‘ನಮ್ಮಲ್ಲಿ ಯಾರು ಕಲಿಯುವವರು? ಎಲ್ಲ ತೋಟಕ್ಕೆ ಹೋಗುವವರೇ.’ ಸ್ವಲ್ಪ ಹೊತ್ತು ಬಿಟ್ಟು ಅಂದರು, ‘ಆಚೆ ಮನೆ ಹುಡುಗ ಒಬ್ಬ ಚೆಂಡೆ ಕಲೀತಾನೆ. ಅದು ಲೆಕ್ಕಕ್ಕೆ ಬರ್ತದಾ?’

ನಮ್ಮ ಕುಂಬಳೆ ಸೀಮೆ ಯಕ್ಷಗಾನ ಕವಿ ಪಾರ್ತಿಸುಬ್ಬನ ನೆಲ. ಇಲ್ಲಿ ಮನೆಯೊಂದರಲ್ಲಿ ಚೆಂಡೆ ಕೇಳಿದರೆ ಯಾರೂ ತಿರುಗಿ ನೋಡುವುದಿಲ್ಲ. ಸರೋಜಕ್ಕನೂ ಅದನ್ನು ಗದ್ದಲ ಅಂತಲೇ ತಿಳಿದಿದ್ದರು. ಹುಡುಗ ಸಂಜೆ ಮರದ ತುಂಡಿನ ಮೇಲೆ ಕೋಲು ಹಿಡಿದು ಬಡಿಯುತ್ತಾನೆ. ಹೇಗೆ ಬಾರಿಸುತ್ತಾನೆ ಅಂತ ಕೇಳಿದೆ. ಇಲ್ಲಿಂದ ಅವರ ಮಾತಿನ ಧಾಟಿಯೇ ಬೇರೆಯಾಯಿತು.

‘ಏಕತಾಳ ಈಗ ಸರಿ ಬರ್ತದೆ. ತ್ರಿವುಡೆ ತಾಳದಲ್ಲಿ ಮುಕ್ತಾಯ ಹತ್ತಿರ ಬರುವಾಗ ಓಡ್ತಾನೆ. ಮುಗಿಸುವ ಅವಸರ ಅವನಿಗೆ. ದಿನಾ ಅಲ್ಲೇ ತಪ್ಪುವುದು. ನಿಲ್ಲಿಸ್ತಾನೆ, ಮತ್ತೆ ಮೊದಲಿಂದ. ಮೊನ್ನೆ ಒಮ್ಮೆ ಸರಿಯಾಗಿ ಕೂತಿತು ನೋಡಿ. ನಾನು ಸಾರು ತಿರುಗಿಸುವುದು ಬಿಟ್ಟು ನಿಂತೆ. ನನಗೇ ಎಂತದೋ ಗೆದ್ದ ಹಾಗಾಯ್ತು.’

‘ಆ ದಿನ ರಾತ್ರಿ ಏನು ಮಾಡಿದಿರಿ?’

ಯೋಚಿಸಿದರು. ‘ಆ ದಿನ ಲೆಕ್ಕದ ಪುಸ್ತಕ ತೆಗೆದಿದ್ದೆ ಅಂತ ಕಾಣ್ತದೆ. ಹೌದು, ತೆಗೆದಿದ್ದೆ.’

ಈ ಉತ್ತರ ಸಿಕ್ಕಿದ ಮೇಲೆ ನನಗೆ ಸಲಹೆ ಕೊಡಲು ಕಷ್ಟವಾಗಲಿಲ್ಲ. ಪರೀಕ್ಷೆ ಮುಗಿಯುವವರೆಗೆ ರಾತ್ರಿ ವೀಡಿಯೊ ನೋಡುವುದು ಬೇಡ ಅಂದೆ. ಹುಡುಗ ಅಭ್ಯಾಸಕ್ಕೆ ಕೂರುವ ಹೊತ್ತಿಗೆ ನೀವೂ ಪುಸ್ತಕ ಹಿಡಿದು ಕೂರಿ. ಅವನು ನಿಲ್ಲಿಸುವವರೆಗೆ ಏಳಬೇಡಿ. ತಪ್ಪಿದ ಲೆಕ್ಕವನ್ನು ಅಳಿಸಬೇಡಿ, ಕೆಳಗೆ ಇನ್ನೊಮ್ಮೆ ಮಾಡಿ. ಅಡುಗೆ ಸ್ವಲ್ಪ ತಡವಾದರೆ ಆಗಲಿ, ಅದನ್ನು ಮನೆಯವರಿಗೆ ನಾನೇ ಹೇಳುತ್ತೇನೆ ಅಂದೆ.

ಈ ಸಲಹೆ ಕೇಳಿ ಪರಿಚಯದ ಮೇಷ್ಟ್ರೊಬ್ಬರು ನನ್ನ ಮೇಲೆ ಬೇಸರ ಮಾಡಿಕೊಂಡರು. ದೊಡ್ಡವರ ಕಥೆ ಹೇಳಬಾರದು ಅಂದರೆ ಮಕ್ಕಳು ಯಾರನ್ನು ನೋಡಿ ಬೆಳೆಯಬೇಕು ಅಂತ ಅವರ ಪ್ರಶ್ನೆ. ಅವರಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಬರೆಯುತ್ತೇನೆ.

ಇದು ನನ್ನೊಬ್ಬಳ ಅನಿಸಿಕೆ ಅಲ್ಲ. 1997ರಲ್ಲಿ ಪೆನೆಲೊಪಿ ಲಾಕ್‌ವುಡ್ ಮತ್ತು ಝೀವಾ ಕುಂಡಾ ಎಂಬ ಮನಶ್ಶಾಸ್ತ್ರಜ್ಞರು ಒಂದು ಅಧ್ಯಯನ ಪ್ರಕಟಿಸಿದರು. ಕೊನೆಯ ವರ್ಷದ ಒಬ್ಬ ಭಾರೀ ಪ್ರತಿಭಾವಂತ ವಿದ್ಯಾರ್ಥಿಯ ಕಥೆಯನ್ನು ಕಾಲೇಜು ಮಕ್ಕಳಿಗೆ ಓದಲು ಕೊಟ್ಟರು. ಮೊದಲ ವರ್ಷದವರಿಗೆ ಹುರುಪು ಬಂತು. ನಾವೂ ಹೀಗಾಗಬಹುದು, ಇನ್ನೂ ಸಮಯ ಉಂಟು ಅಂತ. ಕೊನೆಯ ವರ್ಷದವರಿಗೆ ಆ ಹುರುಪು ಬರಲಿಲ್ಲ. ಅವರ ಪಾಲಿಗೆ ಸಮಯ ಮುಗಿದಿತ್ತು. ಕಥೆ ಒಂದೇ. ನನ್ನ ಕೈಗೆ ಎಟುಕುತ್ತದೆ ಅನಿಸಿದರೆ ಅದು ಎಬ್ಬಿಸುತ್ತದೆ, ಎಟುಕುವುದಿಲ್ಲ ಅನಿಸಿದರೆ ಕೂರಿಸಿಬಿಡುತ್ತದೆ. ಇನ್ನೊಂದು ಅಧ್ಯಯನ ಡೇಲ್ ಶಂಕ್ ಮತ್ತು ಹ್ಯಾನ್ಸನ್ ಅವರದು, 1985ರದ್ದು. ಕಳೆಯುವ ಲೆಕ್ಕ ಬಾರದ ಮಕ್ಕಳ ಮೇಲೆ ಮಾಡಿದ್ದು. ಟೀಚರ್ ಮಾಡಿ ತೋರಿಸಿದ್ದನ್ನು ನೋಡಿದವರಿಗಿಂತ ತಮ್ಮಂಥ ಇನ್ನೊಂದು ಮಗು ಕಲಿಯುವುದನ್ನು ನೋಡಿದವರಿಗೆ ತಮ್ಮ ಮೇಲೆ ಹೆಚ್ಚು ಭರವಸೆ ಬಂತು. ಲೆಕ್ಕವೂ ಚೆನ್ನಾಗಿ ಬಂತು. ಸರೋಜಕ್ಕನ ವಿಷಯದಲ್ಲಿ ಆ ಮಗು ಲೆಕ್ಕದ ಬದಲು ಚೆಂಡೆ ಕಲಿಯುತ್ತಿತ್ತು, ಅಷ್ಟೇ.

ದೊಡ್ಡವರ ಕಥೆ ಬೇಡ ಅಂತ ನಾನು ಹೇಳುವುದೇ ಇಲ್ಲ. ನಡುವಿನ ಭಾಗ ಬಿಟ್ಟು ಹೇಳಬೇಡಿ ಅನ್ನುತ್ತೇನೆ. ನಮ್ಮ ಕಾಸರಗೋಡಿನ ಲೇಖಕಿ ಸಾರಾ ಅಬೂಬಕ್ಕರ್ ಅವರನ್ನೇ ತಗೊಳ್ಳಿ. ಹುಟ್ಟಿದ್ದು 1936ರಲ್ಲಿ, ಮನೆಯಲ್ಲಿ ಮಲಯಾಳಂ, ಶಾಲೆಯಲ್ಲಿ ಕನ್ನಡ. ಮುಂದೆ ಓದುವ ಆಸೆ ಇದ್ದರೂ ಅಂದಿನ ಕಟ್ಟುಪಾಡಿನಲ್ಲಿ ಆಗಲಿಲ್ಲ. ಅವರ ಮೊದಲ ಕಾದಂಬರಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು 1981ರಲ್ಲಿ. ಆಗ ಅವರಿಗೆ ಸುಮಾರು ನಲ್ವತ್ತೈದು. ಪ್ರಶಸ್ತಿಗಳ ಪಟ್ಟಿ ಓದಿ ಹೇಳುವವರು ಬಹಳ ಮಂದಿ ಇದ್ದಾರೆ. ಬರೆಯಲು ಶುರುಮಾಡುವ ಮೊದಲಿನ ಆ ವರ್ಷಗಳ ಬಗ್ಗೆ ಹೇಳುವವರು ಬೇಕು. ಮನೆ, ಮಕ್ಕಳು, ಸಿಕ್ಕಿದ್ದನ್ನು ಓದುವುದು, ಇದರಲ್ಲೇ ಕಳೆದ ವರ್ಷಗಳು. ನಮ್ಮ ಅಮ್ಮಂದಿರು ಇರುವುದು ಅಲ್ಲೇ ಅಲ್ವಾ?

ನಮ್ಮ ಜಿಲ್ಲೆಯ ರೈತ ಸತ್ಯನಾರಾಯಣ ಬೆಳೇರಿಯವರ ಕಥೆಯೂ ಹೀಗೆಯೇ. 2024ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ಎಲ್ಲರೂ ಹೇಳಿದ್ದು 650ಕ್ಕೂ ಹೆಚ್ಚು ಭತ್ತದ ತಳಿ ಉಳಿಸಿದರು ಅಂತ. ಆ ಸಂಖ್ಯೆ ಕೇಳಿದರೆ ಯಾರಿಗಾದರೂ ಇದು ನಮ್ಮಿಂದ ಆಗುವ ಕೆಲಸ ಅಲ್ಲ ಅನಿಸುತ್ತದೆ. ಆದರೆ ಭತ್ತದ ಬೀಜ ಇಟ್ಟಲ್ಲೇ ಇದ್ದರೆ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಮತ್ತೆ ಬಿತ್ತಬೇಕು, ಬೆಳೆಸಬೇಕು, ಕೊಯ್ದು ಒಣಗಿಸಿ ತೆಗೆದಿಡಬೇಕು. ಒಂದೊಂದು ತಳಿಗೂ ಇಷ್ಟೂ ಕೆಲಸ. ಸರೋಜಕ್ಕನಿಗೆ ಇದನ್ನು ಹೇಳಿದಾಗ ಅವರ ಪ್ರಶ್ನೆಯೇ ಬೇರೆ ಇತ್ತು. ‘ಅಷ್ಟು ಬಗೆಯ ಬೀಜ ಒಂದಕ್ಕೊಂದು ಬೆರೆಯದ ಹಾಗೆ ಹೇಗೆ ಇಡ್ತಾರೆ?’ ಗದ್ದೆ ಕೆಲಸ ಗೊತ್ತಿರುವವರ ಪ್ರಶ್ನೆ ಅದು. ಹೊಗಳಿಕೆ ಬಿಟ್ಟು ‘ಹೇಗೆ’ ಅಂತ ಕೇಳಿದರು. ಸ್ಫೂರ್ತಿ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ನಾನು ನೋಡುವ ಗುರುತು ಇದೇ.

ಮಗಳ ಹತ್ತಿರವೂ ಮಾತಾಡಿದೆ. ಅವಳಿಗೆ ನೋವಾಯಿತು. ‘ನಾನು ಒಳ್ಳೇದಕ್ಕೇ ಕಳಿಸಿದ್ದು’ ಅಂದಳು. ನಿಜ. ವೀಡಿಯೊ ಬದಲು ದಿನಾ ಒಂದು ಪ್ರಶ್ನೆ ಕೇಳು ಅಂದೆ. ‘ಇವತ್ತು ಯಾವ ಲೆಕ್ಕ ತಪ್ಪಿತು?’ ಅಂತ. ಉತ್ತರ ಹೇಳಿಕೊಡಬೇಡ, ಕೇಳು ಅಷ್ಟೇ. ನಿನ್ನ ತಪ್ಪನ್ನೂ ಒಂದು ಹೇಳು. ಒಂದು ರಾತ್ರಿ ಅವಳು ತಾನು ಇಂಟರ್ನಲ್ ಪರೀಕ್ಷೆಯಲ್ಲಿ ಫೇಲ್ ಆದದ್ದನ್ನು ಅಮ್ಮನಿಗೆ ಹೇಳಿದಳಂತೆ. ಅಲ್ಲಿಯವರೆಗೆ ಮುಚ್ಚಿಟ್ಟಿದ್ದಳು. ಸರೋಜಕ್ಕ ಬೈಯಲಿಲ್ಲ. ‘ಇಬ್ಬರೂ ಒಂದೇ ದೋಣಿಯಲ್ಲಿ ಇದ್ದೇವೆ ಅಂತ ಗೊತ್ತಾಯ್ತು’ ಅಂತ ನನ್ನ ಹತ್ತಿರ ಹೇಳಿದರು.

ಶನಿವಾರದ ತಲೆನೋವು ನಿಧಾನಕ್ಕೆ ಕಡಿಮೆಯಾಯಿತು. ಸರೋಜಕ್ಕ ಪರೀಕ್ಷೆ ಬರೆದರು. ಉಳಿದ ವಿಷಯಗಳೆಲ್ಲ ಪಾಸು, ಗಣಿತ ಉಳಿಯಿತು. ಮತ್ತೆ ಬರೆಯಲು ಫೀಸು ಕಟ್ಟಿದ್ದಾರೆ. ಅಯಲ್ಕೂಟದ ಲೆಕ್ಕದ ಪುಸ್ತಕ ಈಗಲೇ ಅವರ ಕೈಗೆ ಬಂದಿದೆ. ಅದರಲ್ಲಿ ಬರುವ ಕೂಡಿಸುವ ಕಳೆಯುವ ಲೆಕ್ಕಕ್ಕೆ ಯಾರನ್ನೂ ಕೇಳುವುದಿಲ್ಲ.

ತುಲ್ಯತಾ ತರಗತಿ ನಡೆಸುವವರಲ್ಲಿ ನನ್ನದೊಂದು ಕೋರಿಕೆ ಉಂಟು. ಹೊಸ ಬ್ಯಾಚ್ ಶುರುವಾಗುವ ದಿನ ಹೆಚ್ಚು ಮಾರ್ಕು ತೆಗೆದವರನ್ನು ವೇದಿಕೆಗೆ ಕರೆಯಿರಿ, ಬೇಡ ಅನ್ನುವುದಿಲ್ಲ. ಜತೆಗೆ ಒಂದು ವಿಷಯದಲ್ಲಿ ಬಿದ್ದು ಮತ್ತೆ ಓದುತ್ತಿರುವವರನ್ನೂ ಕರೆಯಿರಿ. ಅವರು ಭಾಷಣ ಮಾಡುವುದು ಬೇಡ. ಹೊಸಬರ ಪಕ್ಕ ಕೂತು ತಮ್ಮ ನೋಟ್ ಪುಸ್ತಕ, ಅಳಿಸದೆ ಬಿಟ್ಟ ತಪ್ಪುಗಳ ಸಮೇತ, ತೋರಿಸಲಿ. ಸರೋಜಕ್ಕನನ್ನೂ ಇದಕ್ಕೆ ಕೇಳಿದ್ದೇನೆ. ಗಣಿತ ಪಾಸಾದ ಮೇಲೆ ಬರುತ್ತೇನೆ ಅನ್ನುತ್ತಾರೆ. ಪಾಸಾಗುವ ಮೊದಲೇ ಬನ್ನಿ ಅಂತ ನಾನು ಹೇಳುತ್ತಿದ್ದೇನೆ. ಇನ್ನೂ ಒಪ್ಪಿಲ್ಲ. ಮುಂದಿನ ಸಲ ಬಂದಾಗ ಮತ್ತೆ ಕೇಳುತ್ತೇನೆ.